ತಾನೇ ತಗ್ಗುವ ಬೆಂಕಿ

ಹನ್ನೊಂದು ವರ್ಷದ ಹಿಂದೆ, ಹೆಗ್ಗಡದೇವನಕೋಟೆ ತಾಲ್ಲೂಕಿನ ಎನ್. ಬೇಗೂರಿನಾಚೆ, ಕಾಡಂಚಿನ ಒಂದು ಹಾಡಿಯಲ್ಲಿ ನೀಲಕಂಠಸ್ವಾಮಿ ಒಂದು ಮಾತು ಕೊಟ್ಟಿದ್ದರು. ಆಗ ಅವರಿಗೆ ಪೊಲೀಸ್ ಕೆಲಸ ಹೊಸದು, ಮೈಮೇಲಿನ ಖಾಕಿಯೂ ಹೊಸದು. ಬೀಟೆ ಮರ ಕಡಿದು ಕೇರಳದ ಕಡೆಗೆ ಸಾಗಿಸುವವರ ಬೆನ್ನು ಹತ್ತಿ ಹೋಗಿ, ಜೊತೆಯವರಿಂದ ಬೇರೆಯಾಗಿ, ಚಳಿಜ್ವರ ಬಂದು ಬಿದಿರು ಮೆಳೆಯ ಪಕ್ಕ ಬಿದ್ದಿದ್ದರು. ಜೇನುಕುರುಬರ ಜೋಗಯ್ಯ ಅವರನ್ನು ಬೆನ್ನ ಮೇಲೆ ಹೊತ್ತು ತಂದು ತನ್ನ ಗುಡಿಸಲಲ್ಲಿ ಮಲಗಿಸಿಕೊಂಡಿದ್ದ.

ಜ್ವರ ಬಿಟ್ಟು ಹೊರಡುವ ದಿನ ಅವರು ಜೇಬಿಗೆ ಕೈ ಹಾಕಿದರು. ಜೋಗಯ್ಯ ಬೇಡವೆಂದು ತಲೆಯಾಡಿಸಿದ.

“ದುಡ್ಡು ಬ್ಯಾಡ ಬುದ್ಧಿ. ಮಾತು ಕೊಡು. ನಮ್ಮೋರ್ನ ಠಾಣೆಗೆ ಎಳ್ಕೊಂಡೋದ್ರೆ ನೀವು ಮೊದ್ಲು ಹೊಡೀತೀರಿ, ಆಮ್ಯಾಲೆ ಕೇಳ್ತೀರಿ. ನೀನು ಮೊದ್ಲು ಕೇಳು, ಯಾರ ಮಗ, ಯಾವ ಹಾಡಿ, ಏನಾಯ್ತು ಅಂತ.”

“ಆಯ್ತು. ನಾನಿರೋ ಠಾಣೇಲಿ, ಕೇಳೋಕೆ ಮುಂಚೆ ನಿಮ್ಮೋರ ಮೇಲೆ ಯಾರ ಕೈಯೂ ಏಳಲ್ಲ.”

“ಯಾರ್ದೂ ಅಂದ್ರೆ ನಿಂದೂ ಸೇರ್ತದೆ ಕಣ ಬುದ್ಧಿ,” ಎಂದು ಜೋಗಯ್ಯ ನಕ್ಕಿದ್ದ.

ನೀಲಕಂಠಸ್ವಾಮಿಯೂ ನಕ್ಕು ಹೌದೆಂದಿದ್ದರು. ಆಮೇಲೆ ವರ್ಗವಾಗುತ್ತಾ ಹೋದರು. ಮದುವೆಯಾಯಿತು, ಮಕ್ಕಳಾದವು, ತಲೆ ನೆರೆಯಿತು. ಸಬ್ ಇನ್ಸ್‌ಪೆಕ್ಟರ್ ಆಗಿ ಹುಣಸೂರಿಗೆ ಬಂದರು.

1974ರ ನವೆಂಬರ್ 21, ಗುರುವಾರ. ಬೆಳಿಗ್ಗೆ ಏಳೂವರೆಯ ಸುಮಾರಿಗೆ ಕಂಠಪ್ಪ ಠಾಣೆಯ ಮೆಟ್ಟಿಲನ್ನು ಓಡುತ್ತಲೇ ಹತ್ತಿದ. ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಲಾಡ್ಜ್. ಮಡಿಕೇರಿಗೂ ಮೈಸೂರಿಗೂ ಹೋಗುವವರು, ಹೊಗೆಸೊಪ್ಪಿನ ಕಾಲದಲ್ಲಿ ಬರುವ ವ್ಯಾಪಾರದವರು ಅಲ್ಲಿ ಇಳಿಯುತ್ತಿದ್ದರು. ಅವತ್ತು ಆ ಚಳಿಯಲ್ಲೂ ಅವನ ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

ಹೆಡ್ ಕಾನ್‌ಸ್ಟೇಬಲ್ ಕೆಂಪಯ್ಯ ಟೀ ಲೋಟ ಕೆಳಗಿಡದೆಯೇ ಕೇಳಿದ.

“ಏನ್ ಕಂಠಪ್ನೋರೆ, ಕೋಳಿ ಕೂಗೋ ಹೊತ್ತಿಗೇ ಬಂದ್ರಿ? ನಿಮ್ ಆಟೋಮ್ಯಾಟಿಕ್ಕು ತಾನೇ ಎದ್ದು ಓಡೋಯ್ತಾ?”

“ತಮಾಸೆ ಬುಡಿ ಕೆಂಪಯ್ಯ. ಬಚ್ಚಲಲ್ಲಿ ಹೆಣ ಬಿದ್ದದೆ.”

ಆಟೋಮ್ಯಾಟಿಕ್ ಎಂದರೆ ಏನೆಂದು ಆಗ ಹುಣಸೂರಿನಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಕೊಡಗಿನ ಒಂದು ಕಾಫಿ ತೋಟದ ಬಿಳಿಯ ಸಾಹೇಬ ಬಂಗಲೆಯ ಸಾಮಾನನ್ನೆಲ್ಲ ಮಾರಿ ತನ್ನ ದೇಶಕ್ಕೆ ಹೋದಾಗ ಕಂಠಪ್ಪ ಅಲ್ಲಿಂದ ಒಂದು ನೀರು ಕಾಯಿಸುವ ಯಂತ್ರ ತಂದಿದ್ದ. ಆಳೆತ್ತರದ ಬಿಳೀ ಟ್ಯಾಂಕು. ಅದರ ಕೆಳಗೆ ಗ್ಯಾಸಿನ ಒಲೆ. ಮುಂದೆ ನಂಬರು ಬರೆದ ಒಂದು ತಿರುಪು. ಇಷ್ಟು ಶಾಖ ಸಾಕು ಎಂದು ತಿರುಪನ್ನು ಇಟ್ಟುಬಿಟ್ಟರೆ, ನೀರು ಅಷ್ಟು ಕಾದ ಕೂಡಲೇ ಬೆಂಕಿ ತಾನೇ ತಗ್ಗಿ ಒಂದು ಸಣ್ಣ ಕುಡಿಯಾಗಿ ಉಳಿಯುತ್ತಿತ್ತು. ನೀರು ಆರಿದರೆ ಭುಗ್ಗೆಂದು ತಾನೇ ಏಳುತ್ತಿತ್ತು. ಅದನ್ನು ನೋಡುವುದಕ್ಕೆಂದೇ ಜನ ಲಾಡ್ಜಿಗೆ ಬಂದು ಬಚ್ಚಲಿಗೆ ಇಣುಕಿ ಹೋಗಿದ್ದರು.

ನೀಲಕಂಠಸ್ವಾಮಿ ಒಳಗಿನಿಂದ ಬಂದು ಕೂತರು. ಕಣ್ಣು ಕೆಂಪಾಗಿತ್ತು. ಚಿಕ್ಕ ಮಗಳಿಗೆ ನಾಯಿಕೆಮ್ಮು. ಆ ವಾರ ಮನೆಯಲ್ಲಿ ಯಾರೂ ಸರಿಯಾಗಿ ಮಲಗಿರಲಿಲ್ಲ.

“ಸತ್ತೋರು ಯಾರು?”

“ಲಿಂಗಣ್ಣ ಅಂತ ಸಾರ್. ಕೆ.ಆರ್. ನಗರದೋರು, ಹೊಗೆಸೊಪ್ಪಿನ ದಲ್ಲಾಳಿ. ಸ್ನಾನಕ್ಕೆ ಓದೋರು ಬರ್ಲೇ ಇಲ್ಲ. ಬಾಗಿಲು ಒಡೆದು ನೋಡಿದ್ರೆ ಬಿದ್ದವ್ರೆ. ಕೊಂದವ್ನೆ ಸಾರ್, ನಮ್ಮ ನಿಂಗ. ನೀರು ಕೊಡೋ ಆಳು.”

“ನೀವು ನೋಡಿದ್ರಾ?”

“ನೋಡೋದೇನು? ನೀರು ತಣ್ಣಗದೆ ಅಂತ ನೆನ್ನೆ ಲಿಂಗಣ್ಣೋರು ಅವನ ಕೆನ್ನೆಗೆ ಒಂದು ಬಿಟ್ಟಿದ್ರು. ಆ ಸಿಟ್ಟಿಗೆ ಯಂತ್ರಕ್ಕೆ ಏನೋ ಮಾಡವ್ನೆ. ಬಚ್ಚಲಿಗೆ ಓಗೋನು ಬರೋನು ಅವನೊಬ್ನೇ.”

ಕೆಂಪಯ್ಯ ದೂರನ್ನು ಬರೆದುಕೊಂಡ. ದೂರಿನಲ್ಲಿ ಕೊಲೆ ಎಂದೇ ಇದ್ದುದರಿಂದ ಎಫ್.ಐ.ಆರ್.ನಲ್ಲಿ 302ನೆಯ ಕಲಮು ಬಿತ್ತು.

ಎಂಟೂಕಾಲಕ್ಕೆ ಇಬ್ಬರು ಪಂಚರ ಮುಂದೆ ಸ್ಥಳ ಪಂಚನಾಮೆ ಶುರುವಾಯಿತು. ಲಾಡ್ಜಿನ ಹಿಂಭಾಗದಲ್ಲಿ ಬಚ್ಚಲು. ಕಿಟಕಿ ಇಲ್ಲ. ಮೇಲೆ ಸೂರಿನ ಹತ್ತಿರ ಗೋಡೆಯಲ್ಲಿ ಒಂದು ಕಿಂಡಿ, ಅಷ್ಟೇ. ಒಳಚಿಲಕ ಕಿತ್ತು ಬಂದಿತ್ತು. ಹೆಣವನ್ನು ಆಗಲೇ ಹೊರಗೆ ತಂದು ಪಡಸಾಲೆಯಲ್ಲಿ ಮಲಗಿಸಿದ್ದರು. ಮೈಮೇಲೆ ಒಂದು ಗಾಯವಿಲ್ಲ. ಮುಖ ಮಾತ್ರ ಬಿಸಿಲಲ್ಲಿ ನಡೆದು ಬಂದವರ ಹಾಗೆ ಕೆಂಪಗಿತ್ತು.

“ಒಳಗೆ ಮೊದಲು ಹೋದೋರು ಯಾರು?”

“ನಾನೇ ಸಾಮಿ,” ಎಂದ ಬಾಗಿಲ ಬಳಿ ನಿಂತಿದ್ದ ಮುದುಕ.

ಅವನು ನಂಜಣ್ಣ, ಗಾವಡಗೆರೆಯವನು. ಕಂಠಪ್ಪನ ತಂದೆಯ ಕಾಲದಿಂದ ಲಾಡ್ಜಿನ ಸೌದೆ ಒಲೆ, ತಾಮ್ರದ ಹಂಡೆ ಅವನ ಪಾಲಿನವು. ಆಟೋಮ್ಯಾಟಿಕ್ ಬಂದ ಮೇಲೆ ಹಂಡೆ ಅಟ್ಟ ಸೇರಿತ್ತು. ಯಂತ್ರ ಮುಟ್ಟಬೇಡ ಎಂದು ಹೇಳಿ ನಂಜಣ್ಣನನ್ನು ರೂಮಿನ ಬೀಗದ ಕೈ ಕೊಡುವುದಕ್ಕೆ ಮುಂದೆ ಕೂರಿಸಿದ್ದರು.

“ಬಾಗಿಲು ಒಡೆದೆ. ಇವರು ಎಣ ಎತ್ತಿದ್ರು. ನಾನು ಹಿಂದೆ ಉಳ್ದು ಗ್ಯಾಸು ನಿಲ್ಲಿಸ್ದೆ.”

“ಒಳಗೆ ಬೇರೆ ಏನಾದ್ರೂ ಕಾಣಿಸ್ತಾ?”

“ಬೆಂಕಿ ಕಾಯೋರು ಇಲ್ದಿದ್ ಮ್ಯಾಲೆ ಇನ್ನೇನ್ ಸಾಮಿ ಕಾಣ್ತದೆ,” ಎಂದು ಮುದುಕ ಬೇರೆ ಕಡೆ ನೋಡಿದ.

ಕೆಂಪಯ್ಯ ಕೈ ತೊಳೆಯಲು ನಲ್ಲಿ ತಿರುಗಿಸಿದವನು “ಅಯ್ಯಯ್ಯಪ್ಪೋ!” ಎಂದು ಹಿಂದಕ್ಕೆ ಹಾರಿದ. ನೀರಲ್ಲ, ಕುದಿ. ಗ್ಯಾಸು ನಿಂತು ಒಂದು ಗಂಟೆಯ ಮೇಲಾಗಿತ್ತು. ನೀಲಕಂಠಸ್ವಾಮಿ ಬಗ್ಗಿ ತಿರುಪು ನೋಡಿದರು. ಅದು ಮೈಗೆ ಹಿತವಾಗುವಷ್ಟು ಶಾಖದ ಗುರುತಿನಲ್ಲೇ ಇತ್ತು.

“ತಾನೇ ತಗ್ಗಬೇಕಾಗಿದ್ದು ತಗ್ಗಿಲ್ಲ. ಬರ್ಕೋ ಕೆಂಪಯ್ಯ.”

ಸ್ಟೂಲು ತರಿಸಿ ಹತ್ತಿ ಕಿಂಡಿಯನ್ನೂ ನೋಡಿದರು. ತೆರೆದೇ ಇತ್ತು. ಆದರೆ ಅದರ ಅಂಚಿಗೆಲ್ಲ ಕೆಮ್ಮಣ್ಣು ಮೆತ್ತಿದ ಗುರುತು. ಬೆರಳಿಟ್ಟರೆ ಇನ್ನೂ ಹಸಿ. ಮಣ್ಣಿನಲ್ಲಿ ಗೋಣಿಯ ನಾರು ಸಿಕ್ಕಿಕೊಂಡಿತ್ತು. ಅದನ್ನೂ ಕಾಗದಕ್ಕೆ ಹಾಕಿ ಮಡಿಸಿ ಸೀಲು ಮಾಡಿಸಿದರು.

ಮಧ್ಯಾಹ್ನಕ್ಕೆ ನಿಂಗನನ್ನು ಠಾಣೆಗೆ ತಂದರು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಗಟ್ಟಿ ಆಳು, ಗುಂಗುರು ಕೂದಲು. ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದ.

“ಬೆಳಿಗ್ಗೆ ಬಚ್ಚಲಿಗೆ ಹೋಗಿದ್ಯಾ?”

“ಓಗಿದ್ದೆ. ಬಕೆಟ್ಟು ಇಟ್ಟು ಬಂದೆ.”

“ಯಂತ್ರ ಮುಟ್ಟಿದ್ಯಾ?”

“ಇಲ್ಲ.”

“ಮತ್ತೆ ಯಾರು ಮುಟ್ಟಿದ್ದು?”

ನಿಂಗ ಬಾಗಿಲ ಕಡೆ ನೋಡಿದ.

“ಕಿಂಡಿ ಮುಚ್ಚಿದ್ದು ಯಾರು? ನಿನಗಿಂತ ಮುಂಚೆ ಯಾರು ಹೋಗಿದ್ರು?”

ನಿಂಗ ನೆಲ ನೋಡಿದ. ಗೊತ್ತಿಲ್ಲವೆಂದೂ ಅನ್ನಲಿಲ್ಲ. ಗೊತ್ತಿಲ್ಲ ಅಂದಿದ್ದರೂ ಆಗುತ್ತಿತ್ತು; ಗೊತ್ತಿದ್ದೂ ಬಾಯಿ ಬಿಗಿಹಿಡಿದ ಆ ಮುಖ ನೋಡಿ ನೀಲಕಂಠಸ್ವಾಮಿಗೆ ತಲೆ ಕೆಟ್ಟಿತು. ಎದ್ದು ಅವನ ಹತ್ತಿರ ಹೋದರು. ಅವರ ಕೈ ಅವರಿಗೇ ಗೊತ್ತಾಗುವ ಮೊದಲು ಅವನ ಕೆನ್ನೆಗೆ ಬಿತ್ತು. ನಿಂಗನ ತಲೆ ಒಂದು ಕಡೆಗೆ ಹೊರಳಿ ಮತ್ತೆ ಮೊದಲಿನ ಹಾಗೇ ನಿಂತಿತು.

“ಹೇಳಿಕೆ ಬರ್ಕೋ,” ಎಂದು ಅವರು ಉಸಿರು ಬಿಡುತ್ತಾ ವಾಪಸು ಬಂದು ಕೂತರು.

ಕೆಂಪಯ್ಯ ಪೆನ್ನು ತೆಗೆದ. “ಹೆಸರು ನಿಂಗ. ಅಪ್ಪನ ಹೆಸರೇನ್ಲಾ?”

“ಜೋಗಯ್ಯ.”

“ಊರು?”

“ಎನ್. ಬೇಗೂರು ದಾಟಿ ನಮ್ಮ ಹಾಡಿ.”

ಆ ಗುಡಿಸಲಲ್ಲಿ ಆಗ ಓಡಾಡುತ್ತಿದ್ದ ಹನ್ನೆರಡರ ಹುಡುಗ ಇವನೇ; ಗುರುತೇ ಸಿಕ್ಕಿರಲಿಲ್ಲ. ನೀಲಕಂಠಸ್ವಾಮಿ ಮೇಜಿನ ಮೇಲಿದ್ದ ತಮ್ಮ ಬಲಗೈಯನ್ನು ನೋಡಿಕೊಂಡು, ಕೆಳಗೆ ತೊಡೆಯ ಮೇಲಿಟ್ಟುಕೊಂಡರು.

“ಊಟ ಹಾಕ್ಸು ಇವನಿಗೆ. ಯಾರೂ ಮುಟ್ಟಬೇಡಿ.”

“ಮುಟ್ಟಿದ್ದಾಯ್ತಲ್ಲ ಸಾರ್,” ಎಂದ ಕೆಂಪಯ್ಯ. ಅವನು ಬೇಕೆಂದು ಆಡಿದ ಮಾತಲ್ಲ.

ಸಂಜೆ ಆಸ್ಪತ್ರೆಯಿಂದ ಶವ ಪರೀಕ್ಷೆಯ ಮಾತು ಬಂತು. ಹೃದಯ ನಿಂತದ್ದಲ್ಲ, ಹೊಡೆತವೂ ಅಲ್ಲ. ಗಾಳಿಯಾಡದ ಕಡೆ ಬೆಂಕಿ ಉರಿದರೆ ಒಂದು ವಿಷದ ಗಾಳಿ ಹುಟ್ಟುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆ ಬಂದ ಹಾಗೆ ಆಗಿ ಮುಗಿದುಹೋಗುತ್ತದೆ ಎಂದರು ಡಾಕ್ಟರು.

ಲಿಂಗಣ್ಣನ ಹೆಂಡತಿ ಶಿವರುದ್ರಮ್ಮ ತಮ್ಮನ ಜೊತೆ ಬಂದಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡೇ ಮಾತಾಡಿದಳು.

“ಮನೇಲಿ ತಣ್ಣೀರೇ ಉಯ್ಕೊಳ್ಳೋರು ಸಾರ್. ಲಾಡ್ಜಿಗೆ ಬಂದ್ರೆ ಮಾತ್ರ ಕುದಿಯೋ ನೀರೇ ಬೇಕು. ದುಡ್ಡು ಕೊಟ್ಟೀನಲ್ಲ ಅನ್ನೋರು. ಸಿಟ್ಟಿನ ಮನುಷ್ಯ, ನಾನೂ ಏಟು ತಿಂದಿವ್ನಿ. ಆದ್ರೂವೆ, ಮೀಯಕ್ಕೋದೋರು ಇಂಗೆ ಬರೋದಾ?”

ಅಷ್ಟರಲ್ಲಿ ಸರ್ಕಲ್ ಇನ್ಸ್‌ಪೆಕ್ಟರ ಫೋನು. “ಆಪಾದಿತ ಕೈಯಲ್ಲೇ ಇದ್ದಾನಂತೆ. ನಾಳೆ ಕೋರ್ಟು ಮುಗಿಯೋದರೊಳಗೆ ಹಾಜರುಪಡಿಸಿ. ಹೊಗೆಸೊಪ್ಪಿನ ಜನ ಗಲಾಟೆ ಮಾಡ್ತಿದಾರೆ.”

ಕೊಲೆಯ ಆಪಾದನೆಯ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರೆ ನಿಂಗನಿಗೆ ಜಾಮೀನು ನಿಲ್ಲಲು ಹಾಡಿಯಲ್ಲಿ ಯಾರಿದ್ದಾರೆ? ನೇರ ಮೈಸೂರು ಜೈಲು. ಕೇಸು ನಡೆದು ಮುಗಿಯುವ ಹೊತ್ತಿಗೆ ಎಷ್ಟು ವರ್ಷವೋ. ನೀಲಕಂಠಸ್ವಾಮಿ ಬೇಗೂರಿನ ಕಡೆಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಜೋಗಯ್ಯನಿಗೆ ಸುದ್ದಿ ಕಳಿಸಿದರು. ಏನೆಂದು ಹೇಳಿಕಳಿಸಬೇಕೆಂದು ಯೋಚಿಸಿ, ಕೊನೆಗೆ ‘ಮಗ ಠಾಣೆಯಲ್ಲಿದ್ದಾನೆ, ಬಾ’ ಎಂದಷ್ಟೇ ಹೇಳಿದರು.

ಶುಕ್ರವಾರ ಬೆಳಿಗ್ಗೆ ಗ್ಯಾಸಿನ ಕೆಲಸ ತಿಳಿದ ಒಬ್ಬ ಮೆಕ್ಯಾನಿಕ್ಕನನ್ನು ಮೈಸೂರಿನಿಂದ ಕರೆಸಿದರು. ಅವನು ಬಚ್ಚಲಿಗೆ ಕಾಲಿಟ್ಟವನೇ ಟ್ಯಾಂಕಿನ ನೆತ್ತಿಯನ್ನು ನೋಡಿ, “ಇದರ ಹೊಗೆಕೊಳವೆ ಎಲ್ಲಿ?” ಎಂದ.

ಕಂಠಪ್ಪ ಗಂಟಲು ಸರಿಮಾಡಿಕೊಂಡ. “ಅದು ಆ ಬಂಗಲೆ ಗೋಡೇಲೇ ಉಳೀತು. ಇದ್ರಲ್ಲಿ ಹೊಗೆನೇ ಬರಲ್ವಲ್ಲ, ಕೊಳವೆ ಯಾಕೆ ಅಂತ…”

“ಕಣ್ಣಿಗೆ ಕಾಣೋದು ಬರಲ್ಲ ಕಣ್ರೀ.”

ಬಾಗಿಲು ತೆರೆದಿಟ್ಟು, ಟ್ಯಾಂಕಿಗೆ ತಣ್ಣೀರು ತುಂಬಿಸಿ ಗ್ಯಾಸು ಹೊತ್ತಿಸಿದರು. ಪಂಚರು, ಪೊಲೀಸರು, ಕಂಠಪ್ಪ, ಎಲ್ಲರೂ ಸಾಲಾಗಿ ನಿಂತು ಬೆಂಕಿ ನೋಡಿದರು. ನೀಲಿ ಜ್ವಾಲೆ ಬುಸುಗುಟ್ಟುತ್ತಿತ್ತು. ಬಹಳ ಹೊತ್ತಾದ ಮೇಲೆ ಒಳಗೆಲ್ಲೋ ಟಕ್ಕೆಂದಿತು. ಪಕ್ಕದ ಬೆರಳುದ್ದದ ಸನ್ನೆಕಡ್ಡಿಯೊಂದು ಕೆಳಗೆ ಬಿತ್ತು. ಜ್ವಾಲೆ ಇಳಿದು ಒಂದು ಕುಡಿ ಮಾತ್ರ ಉಳಿಯಿತು.

“ಕಂಟ್ರೋಲು ಸರಿಯಾಗಿದೆ ಸಾರ್. ನೀರು ಕಾದ ತಕ್ಷಣ ಈ ಸನ್ನೆ ಬೀಳಬೇಕು, ಬಿತ್ತು. ನಿನ್ನೆ ಬಿದ್ದಿಲ್ಲ ಅಂದ್ರೆ ಯಾರೋ ಬೀಳದ ಹಾಗೆ ಹಿಡಿದಿದ್ರು. ಬೆಂಕಿ ಒಂದೇ ಸಮ ಉರಿದಿದೆ. ಕಿಂಡಿ ಬೇರೆ ಮುಚ್ಚಿತ್ತು ಅಂತೀರಿ. ನೋಡಿ, ಒಲೆ ಮೇಲೆ ಮಸಿ ಹಿಡಿದಿದೆ. ಗಾಳಿ ಸಾಲದೆ ಉರಿದ ಗುರುತು.”

ನೀಲಕಂಠಸ್ವಾಮಿ ಟಾರ್ಚು ಹಿಡಿದು ಆ ಸನ್ನೆಯನ್ನು ನೋಡಿದರು. ಅದರ ಬುಡದಲ್ಲಿ ತುಂಡು ದಾರ ಸಿಕ್ಕಿಕೊಂಡಿತ್ತು. ಚಾಕುವಿನಲ್ಲಿ ಅವಸರವಾಗಿ ಕುಯ್ದು ಎಳೆದದ್ದು. ಬೆರಳಿಗೆ ತೆಗೆದುಕೊಂಡರೆ ಅಂಟು. ಕಪ್ಪು, ಎಣ್ಣೆ ಎಣ್ಣೆಯಂಥ ಅಂಟು. ಮೂಸಿದರು. ಕೆಂಪಯ್ಯನ ಮೂಗಿನ ಹತ್ತಿರವೂ ಹಿಡಿದರು.

“ಹಸಿ ಹೊಗೆಸೊಪ್ಪು,” ಎಂದ ಕೆಂಪಯ್ಯ. “ಎಲೆ ಕಟ್ಟೋ ದಾರ ಸಾರ್ ಇದು. ನಿಂಗನಿಗೆ ಎಲ್ಲಿಂದ ಬರಬೇಕು? ಅವನು ಹಾಡಿ ಬಿಟ್ಟು ಸೀದಾ ಲಾಡ್ಜಿಗೆ ಬಂದೋನು.”

“ಜೀಪು ತೆಗೆಸು. ಬ್ಯಾರನ್ ನೋಡ್ಕೊಂಡು ಬರೋಣ.”

“ಯಾವೂರಿಂದು ಸಾರ್?”

“ಗಾವಡಗೆರೆ.”

ಗಾವಡಗೆರೆಯ ದಾರಿಯುದ್ದಕ್ಕೂ ಆ ಕಾಲದಲ್ಲಿ ಹೊಗೆಸೊಪ್ಪು ಹದ ಮಾಡುವ, ಎತ್ತರದ ಗೋಡೆಯ ಬ್ಯಾರನ್‌ಗಳು ಹೊಗೆಯುಗುಳುತ್ತಿದ್ದವು. ಒಳಗೆ ಕಡ್ಡಿಗಳಿಗೆ ಕಟ್ಟಿದ ಹಸಿ ಎಲೆ ಸಾಲುಸಾಲಾಗಿ ನೇತಾಡುತ್ತದೆ. ಹೊರಗೆ ಒಲೆ, ಒಳಗೆ ನೆಲದ ಮೇಲೆ ಹಾಯ್ದ ತಗಡಿನ ಕೊಳವೆ. ಹಗಲೂ ರಾತ್ರಿ ಬೆಂಕಿ ಕಾದು, ಶಾಖವನ್ನು ಹದವಾಗಿ ಏರಿಸುತ್ತಾ ಎಲೆಯನ್ನು ಹೊಂಬಣ್ಣಕ್ಕೆ ತರಬೇಕು. ಊರ ಮುಂದಿನ ಬ್ಯಾರನ್ ಹತ್ತಿರ ನಾಲ್ಕೈದು ಹೆಂಗಸರು ಚಪ್ಪರದಡಿ ಕೂತು ಎಲೆ ಕಟ್ಟುತ್ತಿದ್ದರು. ಜೀಪು ನಿಂತ ಕೂಡಲೇ ಮಾತು ನಿಂತಿತು.

“ಹೆದರ್ಕೋಬ್ಯಾಡ್ರವ್ವಾ,” ಎಂದ ಕೆಂಪಯ್ಯ. “ನಮ್ ಸಾಹೇಬ್ರು ಎಲೆ ಕಟ್ಟೋದು ಕಲೀಬೇಕಂತೆ.”

“ಕಲೀಲಿ ಬುಡಣ್ಣ, ಕೂಲಿ ಮಾತ್ರ ಕೇಳಂಗಿಲ್ಲ,” ಎಂದಳು ನಡುವೆ ಕೂತಿದ್ದವಳು. ಉಳಿದವರು ಸೆರಗಿನಲ್ಲಿ ನಕ್ಕರು.

ಅವಳ ಹೆಸರು ಸುಂದ್ರಮ್ಮ. ನೀಲಕಂಠಸ್ವಾಮಿ ಅವಳ ಕೈ ನೋಡುತ್ತಾ ನಿಂತರು. ಎರಡೆರಡು ಎಲೆ ಜೋಡಿಸಿ, ದಾರವನ್ನು ತೊಟ್ಟಿಗೆ ಒಂದು ಸುತ್ತು ಹಾಕಿ, ಕಡ್ಡಿಯ ಆಚೆ ಎಸೆದು ಬಿಗಿಯುತ್ತಿದ್ದಳು. ಗಂಟೇ ಇಲ್ಲ, ಬಿಚ್ಚಿಕೊಳ್ಳುವುದೂ ಇಲ್ಲ. ಕೈ ಪೂರಾ ಕರೀ ಅಂಟು. ಅವರು ತಂದಿದ್ದ ತುಂಡು ದಾರ ತೋರಿಸಿದರು.

“ಇದು ಇದೇ ದಾರ ಕಣಣ್ಣೋ. ಅದ್ಯಾಕಂಗೆ ಕುಯ್ದವ್ರೆ? ಎಳುದ್ರೆ ಬತ್ತಿತ್ತಲ್ಲ.”

ಅಷ್ಟರಲ್ಲಿ ಏಣಿಯ ಮೇಲೆ ನಿಂತ ಒಬ್ಬ ಆಳು ಬ್ಯಾರನ್ನಿನ ಮೇಲಿನ ಕಿಂಡಿಗೆ ನೆನೆಸಿದ ಗೋಣಿಚೀಲ ತುರುಕುತ್ತಿದ್ದ. ತುರುಕಿ, ಅಂಚಿಗೆ ಕೆಮ್ಮಣ್ಣು ಮೆತ್ತಿದ. ನೀಲಕಂಠಸ್ವಾಮಿ ಕತ್ತೆತ್ತಿ ಅದನ್ನೇ ನೋಡಿದರು.

“ಅದ್ಯಾಕಮ್ಮ ಮುಚ್ಚೋದು?”

“ಇವತ್ತು ದಂಟು ಒಣಗೋ ದಿನ ಸಾ. ಎಲೆ ಒಣಗಿದ್ ಮ್ಯಾಲೆ ಕಿಂಡಿ ಮುಚ್ಚಬೇಕು. ಇಲ್ದೆ ಓದ್ರೆ ಶಾಖ ಎಲ್ಲಾ ಮ್ಯಾಲಕ್ಕೆ ಓಯ್ತದೆ. ಬರೀ ಗೋಣಿ ನಿಲ್ಲಾಕಿಲ್ಲ, ಸುತ್ತಲೂ ಮಣ್ಣು ಮೆತ್ತಬೇಕು ಅಂತ ನಮ್ಮಪ್ಪ ಹೇಳ್ಕೊಟ್ಟಿದ್ದು. ಈ ಸುತ್ತಿನಾಗೆ ಬೆಂಕಿ ಕಾಯೋದ್ರಲ್ಲಿ ನಮ್ಮಪ್ಪನ್ನ ಬುಟ್ರಿಲ್ಲ.”

“ಯಾರು ನಿಮ್ಮಪ್ಪ?”

“ನಂಜಣ್ಣ. ಉಣ್ಸೂರು ಲಾಡ್ಜಲ್ಲವ್ನೆ. ಸುಗ್ಗೀಲಿ ಸಂಜೆ ಬಸ್ಸಿಗೆ ಬಂದು ಬೆಂಕಿ ನೋಡಿ ಓಗ್ತಿದ್ದ. ನೆನ್ನೆ ಬಂದವ್ನು ವಾಪಸ್ ಓಗಿಲ್ಲ. ಉಂಡಿಲ್ಲ, ಮಾತೂ ಇಲ್ಲ. ಒಲೆ ಮುಂದ್ಲಿಂದ ಎದ್ದಿಲ್ಲ.” ಅವಳ ಕೈ ನಿಂತಿತು. ಖಾಕಿ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿ, “ಯಾಕ್ ಸಾ?” ಎಂದಳು.

ನೀಲಕಂಠಸ್ವಾಮಿ ಬ್ಯಾರನ್ನಿನ ಹಿಂದಕ್ಕೆ ನಡೆದರು.

ನಂಜಣ್ಣ ಒಲೆಯ ಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅವರನ್ನು ಕಂಡು ಏಳಲು ಹೋದ. ಬೇಡವೆಂದು ಕೈ ಮಾಡಿ ಅವರೂ ಪಕ್ಕದ ಕೊರಡಿನ ಮೇಲೆ ಕೂತರು. ಈ ಸಲ ಅವಸರ ಮಾಡಲಿಲ್ಲ.

“ಸನ್ನೆಗೆ ದಾರ ಕಟ್ಟಿದ್ದು ನೀನೇ ಅಲ್ವಾ ನಂಜಣ್ಣ?”

ಮುದುಕ ಒಂದು ಸೌದೆಯನ್ನು ಹಿಂದಕ್ಕೆಳೆದು ಉರಿ ತಗ್ಗಿಸಿದ.

“ನಿಂಗ ಯೋಳುದ್ನಾ?”

“ಇಲ್ಲ.”

“ಯೋಳಲ್ಲ ಅಂತ ಗೊತ್ತಿತ್ತು.” ಅವನೇ ಮುಂದುವರಿಸಿದ. “ಆವಯ್ಯ ನಿಂಗನಿಗೆ ಒಡೆದಿದ್ದು ನೋಡ್ದೆ ಸಾಮಿ. ಅವನ ತಪ್ಪೇನಿತ್ತು? ಅದು ತಾನೇ ಉರೀತದೆ, ತಾನೇ ತಗ್ತದೆ. ಒಬ್ಬ ಎರಡು ಬಕೆಟ್ಟು ಇಡ್ಕೊಂಡೋದ್ರೆ ಇನ್ನೊಬ್ಬನಿಗೆ ಬರೀ ಉಗುರುಬೆಚ್ಚಗಿನ ನೀರು. ನನ್ ಹಂಡೆ ಇದ್ದಾಗ ಯಾವ ಗಿರಾಕಿ ತಣ್ಣಗದೆ ಅಂದಿದ್ದ? ನಾಳೆಯಿಂದ ನಿಂಗೆ ಏಟು ಬೀಳಲ್ಲ ಕಣ್ಲಾ ಅಂದೆ. ಕತ್ತಲಿರೋವಾಗ್ಲೇ ಓಗಿ ಅದು ತಗ್ಗದಂಗೆ ಕಟ್ದೆ.”

“ಕಿಂಡಿ?”

“ಶಾಖ ಓಯ್ತಿತ್ತು, ಮುಚ್ದೆ. ಇಲ್ಲಿ ಮುಚ್ಚಲ್ವಾ.”

“ಬ್ಯಾರನ್ ಒಳಗೆ ಮನುಷ್ಯರು ಇರಲ್ವಲ್ಲ ನಂಜಣ್ಣ.”

ಮುದುಕ ಒಲೆಯೊಳಗಿನ ಕೆಂಡವನ್ನು ಕೋಲಿನಿಂದ ಕೆದಕಿದ.

“ಸೌದೆ ಆಗಿದ್ರೆ ಹೊಗೆ ಬಂದು ಕಣ್ಣುರಿ ಬತ್ತಿತ್ತು. ಆವಯ್ಯ ಕೆಮ್ಮಿಕೊಂಡು ನನ್ನ ಬೈಕೊಂಡು ಈಚೆಗೆ ಓಡಿಬರೋನು. ಇದು ಏನೂ ಯೋಳ್ನೇ ಇಲ್ವಲ್ಲ ಸಾಮಿ. ನಗ್ತಾ ನಗ್ತಾ ನೀಲಿಯಾಗಿ ಉರೀತಿತ್ತು.”

“ಸತ್ತಿದ್ದು ಗೊತ್ತಾದ ಮೇಲೆ ನೀನೇ ದಾರ ಕುಯ್ದೆ. ಗೋಣಿ ತೆಗೆದೆ. ನಿಂಗನ ಮೇಲೆ ಕೊಲೆ ಅಂತ ಬಂತು, ಆಗಲೂ ಸುಮ್ನಿದ್ದೆ. ಯಾಕೆ?”

“ಮೂವತ್ತು ವರ್ಷ ಬೆಂಕಿ ಕಾಯ್ದಿವ್ನಿ. ನಾ ಕಾಯ್ದ ಬೆಂಕೀಲಿ ಒಂದು ಎಲೆ ಕರಿಕಾಗಿಲ್ಲ. ನಂಜಣ್ಣನ ಬೆಂಕಿ ಅಂತ ಪಿರಿಯಾಪಟ್ಟಣದಿಂದ ಬಂದು ಕರ್ಕೊಂಡೋಗೋರು. ಆ ಬೆಂಕಿ ಮನುಷ್ಯನ್ನ ತಿಂತು ಅಂತ ಯಾವ ಬಾಯಲ್ಲಿ ಯೋಳ್ಲಿ? ಇವತ್ತು ಯೋಳ್ತೀನಿ, ಸಂಜೆಗೆ ಯೋಳ್ತೀನಿ ಅಂತ ಇಲ್ಲಿಗೆ ಬಂದು ಕೂತೆ. ಏಳಕ್ಕೇ ಆಗ್ನಿಲ್ಲ.”

ಗೋಣಿಚೀಲ ಒಲೆಯ ಪಕ್ಕದಲ್ಲೇ ಮಡಿಸಿಟ್ಟಿತ್ತು. ಅದಕ್ಕೆ ಮೆತ್ತಿದ್ದ ಮಣ್ಣು ಒಣಗಿತ್ತು. ಮಧ್ಯಾಹ್ನ ಎರಡೂವರೆಗೆ ಊರಿನ ಇಬ್ಬರ ಎದುರಿಗೆ ಪಂಚನಾಮೆ ಮಾಡಿ ಅದನ್ನೂ ಚಾಕುವನ್ನೂ ವಶಕ್ಕೆ ತೆಗೆದುಕೊಂಡು ನಂಜಣ್ಣನನ್ನು ದಸ್ತಗಿರಿ ಮಾಡಿದರು. ಸುಂದ್ರಮ್ಮ ಅಂಟಿನ ಕೈಯಲ್ಲೇ ಅಪ್ಪನ ತೋಳು ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ. ಜೀಪು ಹತ್ತುವಾಗ ಮಾತ್ರ ತಿರುಗಿ, “ಶಾಖದ ಗಾಜು ನೋಡ್ತಿರು ಮಗಾ. ನೂರ ಅರವತ್ತು ದಾಟಕ್ಕೆ ಬುಡಬ್ಯಾಡ. ಕಣ್ಣು ಮುಚ್ಚಬ್ಯಾಡ,” ಎಂದ.

ಕೋರ್ಟು ಏಳುವುದರೊಳಗೆ ಕಾಗದಪತ್ರ ತಿದ್ದುಪಡಿಯಾಗಿ ಹೋಯಿತು. 302 ಹೋಗಿ, ಅಜಾಗರೂಕತೆಯಿಂದ ಸಾವಿಗೆ ಕಾರಣನಾದದ್ದಕ್ಕೆ 304-ಎ, ಸಾಕ್ಷ್ಯ ಮರೆಮಾಡಿದ್ದಕ್ಕೆ 201. ಒಂದನೇ ಆಪಾದಿತ ನಂಜಣ್ಣ. ಹೊಗೆಕೊಳವೆ ಇಲ್ಲದೆ ಯಂತ್ರ ಕೂರಿಸಿದ್ದಕ್ಕೆ 304-ಎ ಕೆಳಗೆ ಎರಡನೇ ಆಪಾದಿತ ಕಂಠಪ್ಪ. ಅವನು ಠಾಣೆಯ ಬೆಂಚಿನ ಮೇಲೆ ಕೂತು, ದೂರು ಕೊಟ್ಟವನೇ ನಾನಲ್ಲವಾ ಎಂದು ಎಲ್ಲರನ್ನೂ ಕೇಳುತ್ತಿದ್ದ.

ನೀಲಕಂಠಸ್ವಾಮಿ ನಿಂಗನನ್ನು ಕರೆದು ಎದುರಿಗೆ ಕೂರಿಸಿಕೊಂಡರು.

“ನಂಜಣ್ಣ ಎಲ್ಲಾ ಒಪ್ಕೊಂಡ. ನೀನು ನೋಡಿದ್ದೆ ಅಲ್ವಾ?”

“ಒದ್ದೆ ಗೋಣಿ ಇಡ್ಕೊಂಡು ಒಳೀಕೋಗಿದ್ದು ನೋಡ್ದೆ. ನಾ ಬಂದಿದ್ದು ಯಾರ್ಗೂ ಅನ್ನಬ್ಯಾಡ ಕಣ್ಲಾ, ಧಣಿ ಬೈತಾರೆ ಅಂದ. ಇಲ್ಲ ಅಂದೆ.”

“ಮನುಷ್ಯ ಸತ್ತ ಮೇಲೂ?”

“ಅಂದಿದ್ನಲ್ಲ ಸಾಮಿ.”

“ನೀನು ಜೈಲಿಗೆ ಹೋಗ್ತಿದ್ದೆ ಕಣೋ.”

ನಿಂಗ ಉಗುರು ನೋಡಿಕೊಂಡ. “ಓಯ್ತಿದ್ದೆ. ಅವನೇ ಬಂದು ಯೋಳ್ತಾನೆ ಅಂತ ಕಾಯ್ತಾ ಕೂತಿದ್ದೆ. ನಂಗೆ ಏಟು ಬಿದ್ದಾಗ ಬ್ಯಾರೆ ಯಾರೂ ಏನೂ ಅಂದಿರ್ನಿಲ್ಲ, ಅವನೊಬ್ನೇ ಅಂದಿದ್ದು.”

ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ನಿಂಗ ಠಾಣೆಯ ಜಗಲಿಯಲ್ಲೇ ಮಲಗಿದ. ಕೆಂಪಯ್ಯ ತನ್ನ ಮನೆಯಿಂದ ಒಂದು ಕಂಬಳಿ ತಂದುಕೊಟ್ಟ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಜೋಗಯ್ಯ ಬಂದ. ಕೂದಲು ಬೆಳ್ಳಗಾಗಿತ್ತು. ಬೆನ್ನು ಇನ್ನೂ ಬಾಗಿರಲಿಲ್ಲ. ನೀಲಕಂಠಸ್ವಾಮಿಯನ್ನು ನೋಡಿ ಗುರುತು ಹಿಡಿದು ಮುಖ ಅರಳಿಸಿದ.

“ಅಯ್ಯೋ, ನಿನ್ ಠಾಣೆನಾ ಬುದ್ಧಿ? ದಾರೀಲೆಲ್ಲಾ ಎದ್ರಿಕೊಂಡು ಬಂದೆ ನೋಡು. ನಿಂದು ಅಂತ ಗೊತ್ತಿದ್ರೆ ಉಂಡು ಮಲಗಿ ನಿದ್ದೆ ಮಾಡಿ ಬತ್ತಿದ್ದೆ.”

“ನಿನ್ನ ಮಗನ ತಪ್ಪಿಲ್ಲ ಜೋಗಯ್ಯ. ಬಿಟ್ಟಿದೀವಿ. ಕರ್ಕೊಂಡು ಹೋಗು.”

ಜೋಗಯ್ಯ ಮಗನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ. ಕೆನ್ನೆಯ ಮೇಲೆ ಇನ್ನೂ ಊತವಿತ್ತು.

“ಯಾರು?”

“ಒಂದು ಲಾಡ್ಜಲ್ಲಿ,” ಎಂದ ನಿಂಗ. “ಒಂದು ಇಲ್ಲಿ.”

“ಇಲ್ಲಿ ಅಂದ್ರೆ?”

ಕೆಂಪಯ್ಯ ಫೈಲು ಹುಡುಕುವವನ ಹಾಗೆ ಬೀರುವಿನ ಕಡೆ ತಿರುಗಿಕೊಂಡ.

“ನಾನು,” ಎಂದರು ನೀಲಕಂಠಸ್ವಾಮಿ.

ಜೋಗಯ್ಯ ಅವರ ಮುಖ ನೋಡಿದ. ಸಿಟ್ಟು ಮಾಡಲಿಲ್ಲ, ದನಿಯನ್ನೂ ಏರಿಸಲಿಲ್ಲ. ಮಗನನ್ನೇ ಕೇಳಿದ.

“ಕೇಳೋಕೆ ಮೊದ್ಲೋ, ಆಮ್ಯಾಲೋ?”

“ಕೇಳ್ತಾ ಇದ್ರು. ನಾ ಬಾಯಿ ಬಿಡ್ನಿಲ್ಲ. ನಮ್ಮಪ್ಪ ಯಾರು ಅಂತ ಕೇಳಿದ್ದು ಆಮ್ಯಾಲೆ.”

ಜೋಗಯ್ಯ ತಲೆಯಾಡಿಸಿದ. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಮಗನ ಬೆನ್ನಿನ ಮೇಲೆ ಕೈಯಿಟ್ಟ. ಇಬ್ಬರೂ ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆಗೆ ನಡೆದರು. ಅಲ್ಲಿ ಕಂಠಪ್ಪನ ಲಾಡ್ಜಿನ ಅಟ್ಟದಿಂದ ಇಬ್ಬರು ಆಳುಗಳು ಕಿಲುಬು ಹಿಡಿದ ಹಂಡೆಯನ್ನು ಕೆಳಗಿಳಿಸುತ್ತಿದ್ದರು.

ನಂಜಣ್ಣ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ಅವನನ್ನು ಕೆಡಿಸಿದ್ದು ದ್ವೇಷವಲ್ಲ. ತನ್ನ ಕೈಯಿಲ್ಲದೆ ಬೆಂಕಿ ಬಾಳುತ್ತದೆ ಎಂಬುದನ್ನು ಅವನಿಂದ ನೋಡಲಾಗಲಿಲ್ಲ. ತನ್ನ ಕೈಯಿಂದಲೇ ಅದು ಒಂದು ಜೀವ ತೆಗೆಯಿತು ಎಂಬುದನ್ನು ಬಾಯಿಬಿಟ್ಟು ಹೇಳಲೂ ಆಗಲಿಲ್ಲ.

ನಿಂಗ ನಂಜಣ್ಣನಿಗೆ ಕೊಟ್ಟ ಮಾತನ್ನು ಉಳಿಸಿಕೊಂಡ. ನೀಲಕಂಠಸ್ವಾಮಿ ಜೋಗಯ್ಯನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ.